ಕುತ್ತಾ ಇಲ್ಲದ ರೀಲು

ಡಿಸೆಂಬರಿನ ಒಂದು ರವಿವಾರ. ಗಳಗನಾಥದ ಹತ್ತಿರ, ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿಂದ ಸಾಕಷ್ಟು ಕೆಳಗೆ ಕೂತಿದ್ದೆವು. ಗುಡಿಯ ಮಗ್ಗುಲಲ್ಲಿ ಗಾಳ ಹಾಕುವುದು ಮಾಮಾಗೆ ಸೇರದು. ಮಂಜು ಇನ್ನೂ ಹರಿದಿರಲಿಲ್ಲ. ನೂಲು ಬಿಗಿಯಿತು, ರಾಡ್ ಎತ್ತಿದೆ. ಅಷ್ಟರಲ್ಲಿ ರೀಲಿನ ಹಿಡಿಕೆ ಬೆರಳಿಂದ ಜಾರಿ ಗರ್ರನೆ ಹಿಂದಕ್ಕೆ ತಿರುಗಿ, ಗೆಣ್ಣಿಗೆ ಎರಡು ಸಲ ಬಡಿಯಿತು. ನೂಲು ಸಡಿಲಾಯಿತು. ಮೀನು ಗಾಳ ಉಗುಳಿ ಹೋಯಿತು.

ಗುತ್ತಲದ ನಮ್ಮ ಸೋದರಮಾವ ನೂಲು ಸುತ್ತುವುದು ಖಾಲಿ ನೀರಿನ ಬಾಟ್ಲಿಗೆ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ನಕ್ಕ: "ಯಾಕೋ ತಮ್ಮಾ, ನಿನ್ನ ಮಷೀನ್ ನಿನಗs ಹೊಡೀತಲ್ಲೋ!"

ಮೀನು ಜೋರಾಗಿ ಎಳೆದಾಗ ನೂಲು ಹರಿಯದಂತೆ ಜಾರಿಸಿ ಬಿಡುವ ಡ್ರ್ಯಾಗ್ ಸಡಿಲಾಗಿದೆ ಅಂದುಕೊಂಡು ಮುಂದಿನ ತಿರುಪು ಬಿಗಿ ಮಾಡಿದೆ. ಮತ್ತೊಂದು ಸಲ ಎಳೆದಾಗಲೂ ಅದೇ ಕತೆ. ಆಮೇಲೆ ಕೂತು ನೋಡಿದರೆ ನನ್ನ ಲೆಕ್ಕವೇ ತಪ್ಪಿತ್ತು. ಡ್ರ್ಯಾಗ್ ಜಾರಿದರೆ ತಿರುಗುವುದು ನೂಲು ಸುತ್ತಿದ ಸ್ಪೂಲ್ ಮಾತ್ರ, ಹಿಡಿಕೆ ಅಲ್ಲಾಡುವುದಿಲ್ಲ. ಇಲ್ಲಿ ಸ್ಪೂಲ್ ಗಟ್ಟಿಯಾಗಿ ನಿಂತಿತ್ತು, ಅದರ ಸುತ್ತ ತಿರುಗಿ ನೂಲು ಸುತ್ತುವ ರೋಟರ್ ಹಿಂದಕ್ಕೆ ಓಡುತ್ತಿತ್ತು, ಅದರ ಜೊತೆ ಹಿಡಿಕೆಯೂ. ಅಂದರೆ ಹೋಗಿದ್ದು ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಆ್ಯಂಟಿ-ರಿವರ್ಸ್. ಆ ತಡೆಯನ್ನು ಬಿಡಿಸುವ ಕೆಳಗಿನ ಪುಟ್ಟ ಸ್ವಿಚ್ ಎಲ್ಲಾದರೂ ಸರಿದಿದೆಯೇ ನೋಡಿದೆ. ಅದು ಸರಿಯಾಗಿಯೇ ಇತ್ತು.

ತಮಾಷೆಯೆಂದರೆ, ಹನ್ನೊಂದು ಗಂಟೆಗೆ ಬಿಸಿಲು ಏರಿದಂತೆ ರೀಲು ತಾನೇ ಸುಧಾರಿಸಿತು. ಹುಬ್ಬಳ್ಳಿಗೆ ಬಂದು ಸಂಜೆ ಪರೀಕ್ಷೆ ಮಾಡಿದರೆ ಯಾವ ಐಬೂ ಇಲ್ಲ. ಮರುದಿನ ಬೆಳಗಿನ ಆರಕ್ಕೆ ಬಾಲ್ಕನಿಯಲ್ಲಿಟ್ಟಿದ್ದನ್ನು ತಿರುಗಿಸಿದರೆ ಮತ್ತೆ ಹಿಂದಕ್ಕೆ. ಡಾಕ್ಟರ ಮುಂದೆ ಕೂತಾಗ ಮಾತ್ರ ಜ್ವರ ಇಳಿಯುವ ಹುಡುಗರಂತೆ.

ನಮ್ಮ ಓಣಿಯ ಸೈಕಲ್ ಚಾಚಾ ನೆನಪಾದ. ಸೈಕಲ್ಲಿನ ಫ್ರೀವೀಲ್ ಒಳಗೆ ಹಲ್ಲಿಗೆ ಬಾಯಿ ಹಾಕಿ ಹಿಡಿಯುವ ಪುಟ್ಟ ಉಕ್ಕಿನ ತುಂಡಿಗೆ ಅವನ ಅಂಗಡಿಯಲ್ಲಿ ಕುತ್ತಾ ಅಂತಾರೆ. ಹಳೇ ಗ್ರೀಸು ಗಟ್ಟಿಯಾಗಿ ಕುತ್ತಾ ಅಂಟಿಕೊಂಡರೆ ಪೆಡಲ್ ಎಷ್ಟು ತುಳಿದರೂ ಖಾಲಿ ತಿರುಗುತ್ತದೆ. ನನ್ನ ರೀಲಿನದೂ ಅದೇ ರೋಗ ಅನ್ನಿಸಿತ್ತು. ಚಾಚಾ ರೀಲನ್ನು ಕಿವಿಗೆ ಹಿಡಿದು ಹಿಡಿಕೆ ತಿರುಗಿಸಿದ. ಹತ್ತು ಸುತ್ತು ತಿರುಗಿಸಿರಬೇಕು.

"ಇದರಾಗ ಕುತ್ತಾ ಇಲ್ರೀ ಸರ. ಇದ್ದಿದ್ರ ಕಟಕಟ ಅಂತಿತ್ತು. ಮಗ್ಗಲದ ಗ್ಯಾರೇಜಿನ ಹುಡುಗಗ ತೋರಸ್ರಿ."

ಅವನ ಮಾತು ಸರಿ. ಹಳೆಯ ರೀಲುಗಳಲ್ಲಿ ಹಲ್ಲುಚಕ್ರ, ಅದಕ್ಕೊಂದು ಕುತ್ತಾ, ಒಂದು ಸ್ಪ್ರಿಂಗ್. ತಿರುಗಿಸಿದರೆ ಸದ್ದು, ಹಿಡಿಯುವ ಮುನ್ನ ಒಂದಿಷ್ಟು ಹಿಂದಕ್ಕೆ ಜೋಲಿ. ಈಗಿನ ಹೆಚ್ಚಿನವುಗಳಲ್ಲಿ ಒಂದೇ ದಿಕ್ಕಿಗೆ ತಿರುಗಲು ಬಿಡುವ, ರೋಲರ್‌ಗಳ ವನ್-ವೇ ಕ್ಲಚ್. ಸದ್ದೂ ಇಲ್ಲ, ಜೋಲಿಯೂ ಇಲ್ಲ.

ಗ್ಯಾರೇಜಿನ ಹುಡುಗ ಮೀನಿನ ರೀಲನ್ನು ಅವತ್ತೇ ಮೊದಲು ನೋಡಿದ್ದು. ಆದರೂ ನಾನು ಹೇಳಿದ್ದನ್ನು ಅರ್ಧ ಕೇಳಿದವನೇ, "ಸೆಲ್ಫ್ ಕ್ಲಚ್ ಐತ್ರೀ ಇದು" ಅಂದ. ಬೈಕಿನಲ್ಲಿ ಸೆಲ್ಫ್ ಬಟನ್ ಒತ್ತಿದಾಗ ಮೋಟರ್ ಕುಯ್ಯೆಂದರೂ ಎಂಜಿನ್ ಏಳದಿದ್ದರೆ ಅವನು ಬಿಚ್ಚುವುದು ಇಂಥದ್ದನ್ನೇ. ಹೊರಗಿನ ಬಳೆಯೊಳಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟಾದ ಗೂಡುಗಳು. ಒಂದೊಂದು ಗೂಡಿಗೆ ಒಂದು ರೋಲರ್, ಅದನ್ನು ಇಕ್ಕಟ್ಟಿನ ಕಡೆಗೆ ನೂಕುವ ಒಂದು ಸ್ಪ್ರಿಂಗ್. ಮುಂದಕ್ಕೆ ತಿರುಗಿದರೆ ರೋಲರ್ ಅಗಲಕ್ಕೆ ಸರಿದು ದಾರಿ ಬಿಡುತ್ತದೆ. ಹಿಂದಕ್ಕೆ ತಿರುಗಿದರೆ ಇಕ್ಕಟ್ಟಿಗೆ ಹೋಗಿ ಬೆಣೆಯಂತೆ ಕಚ್ಚುತ್ತದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಗ್ರೀಸ್ ಏನರ ಹಾಕೀರೇನ್ರೀ?"

ಹಾಕಿದ್ದೆ. ಗಣೇಶ ಚೌತಿಯ ರಜೆಯಲ್ಲಿ ಕೂತು, ಸ್ಕೂಟರಿನ ಚಕ್ರಕ್ಕೆಂದು ತಂದಿದ್ದ ಗ್ರೀಸನ್ನು ರೀಲಿನ ಒಳಗೆಲ್ಲ ಮೆತ್ತಿದ್ದೆ. ಗಿಯರಿಗೆ ಹಚ್ಚಿದ್ದು ಹೋಗಲಿ. ಇಷ್ಟು ಚಂದದ ಬೇರಿಂಗ್ ಒಣಗಿದೆಯಲ್ಲಾ ಎಂದು ಕ್ಲಚ್ಚಿಗೂ ಬೆರಳ ತುಂಬ ತುಂಬಿದ್ದೆ. ಚಳಿಗೆ ಆ ಗ್ರೀಸು ಇನ್ನಷ್ಟು ಗಟ್ಟಿಯಾಗಿ, ಕೂದಲಿನಷ್ಟು ಸಣ್ಣ ಸ್ಪ್ರಿಂಗುಗಳಿಗೆ ರೋಲರನ್ನು ನೂಕುವ ತ್ರಾಣವೇ ಉಳಿದಿರಲಿಲ್ಲ.

ರಾತ್ರಿ ಊಟವಾದ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿದೆ. ಸ್ಪೂಲ್, ರೋಟರಿನ ನಟ್ಟು, ರೋಟರ್, ಅದರ ಹಿಂದೆ ಕ್ಲಚ್ಚು. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದೆ, ಇದೊಂದು ಬುದ್ಧಿ ಇತ್ತು. ಇಲ್ಲದ ಬುದ್ಧಿಯೆಂದರೆ ಕ್ಲಚ್ಚಿನ ನಡುವಿನ ಉಕ್ಕಿನ ಕೊಳವೆಯನ್ನು ಹೊರಗೆ ನೂಕಿದ್ದು. ರೋಲರುಗಳನ್ನು ಒಳಗಿನಿಂದ ತಡೆದು ನಿಲ್ಲಿಸುವುದು ಅದೇ. ಹೊರಗೆ ಬಂದದ್ದೇ ತಡ, ಆರೂ ರೋಲರು ಪಂಚೆಯ ಮೇಲೆ ಉದುರಿದವು. ಐದು ಸಿಕ್ಕವು. ಆರನೆಯದನ್ನು ಮಗಳು ಹಳೇ ಸ್ಪೀಕರಿನ ಅಯಸ್ಕಾಂತ ಸವರಿ ಸೋಫಾದ ಕೆಳಗಿಂದ ಎತ್ತಿದಳು, ಒಂದು ಹೇರ್‌ಪಿನ್ ಸಮೇತ.

ಗ್ರೀಸು ಜೇನಿನಂತೆ ಎಳೆ ಎಳೆಯಾಗಿ ಬಂತು. ಸ್ಪಿರಿಟ್ಟಿನಲ್ಲಿ ಮೂರು ಸಲ ತೊಳೆದು, ಒಣಗಿಸಿ, ಚಿಮಟದಿಂದ ರೋಲರು ಕೂಡಿಸುವ ಹೊತ್ತಿಗೆ ಹನ್ನೆರಡೂವರೆ. ಒಂದು ಸ್ಪ್ರಿಂಗು ಓರೆಯಾಗಿತ್ತು, ಸೂಜಿಯಿಂದ ಸರಿಪಡಿಸಿದೆ. ಕೊಳವೆಯನ್ನು ನೇರ ಒತ್ತಿದರೆ ಹೋಗುವುದಿಲ್ಲ. ಸಲೀಸಾಗಿ ತಿರುಗುವ ದಿಕ್ಕಿಗೆ ತಿರುಗಿಸುತ್ತ ಇಳಿಸಬೇಕು. ಆಮೇಲೆ ಸೂಜಿಯ ತುದಿಯಿಂದ ಹೊಲಿಗೆ ಯಂತ್ರದ ಎಣ್ಣೆ, ಒಂದೇ ಹನಿ. ಎರಡನೆಯ ಹನಿಗೆ ಕೈ ಹೋಗಿತ್ತು, ಹಿಂದಕ್ಕೆ ತಗೊಂಡೆ.

ಹಿಡಿಕೆ ಹಿಂದಕ್ಕೆ ಒತ್ತಿದೆ. ಕಲ್ಲಿನಂತೆ ನಿಂತಿತು. ಆದರೆ ರಾತ್ರಿ ಮನೆಯೊಳಗಿನ ಸೆಕೆಯಲ್ಲಿ ಅದು ಮೊದಲೂ ನಿಲ್ಲುತ್ತಿತ್ತಲ್ಲ. ಮುಂದಿನ ರವಿವಾರದ ತನಕ ಕಾಯುವ ತಾಳ್ಮೆ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಇಟ್ಟು ಮಲಗಿದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಹೆಂಡತಿಯ ಕೂಗು. ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. "ಮೀನ ಹಿಡಿಯೂದನ್ನ ಮೊಸರಿನ ಮಗ್ಗಲಕ ಇಡ್ತಾರೇನ್ರೀ?" ನಾನು ಉತ್ತರ ಕೊಡದೆ ತಣ್ಣಗೆ ಕೊರೆಯುವ ರೀಲನ್ನು ಇಸಿದುಕೊಂಡು ಹಿಡಿಕೆ ಹಿಂದಕ್ಕೆ ಒತ್ತಿದೆ. ಅಲ್ಲಾಡಲಿಲ್ಲ. ಅವಳ ಕೈಗೆ ಕೊಟ್ಟು, ನೀನೂ ಒತ್ತಿ ನೋಡು ಅಂದೆ. ಅವಳು ಒತ್ತಲಿಲ್ಲ, ಮೊಸರಿನ ಮುಚ್ಚಳ ತೆಗೆದು ಮೂಸಿ ನೋಡಿದಳು.