ಬಿಟ್ಟುಹೋದವರನ್ನು ಲೆಕ್ಕದಿಂದ ಕೈಬಿಡಬೇಡಿ

ದಾನಿ ಸಂಸ್ಥೆಯವರು ಪರಿಶೀಲನೆಗೆ ಬರುವ ಹಿಂದಿನ ಸಂಜೆ ನಮ್ಮ ವ್ಯವಸ್ಥಾಪಕರು ಎಂಡ್‌ಲೈನ್ ಶೀಟ್, ಅಂದರೆ ತರಬೇತಿ ಮುಗಿದಾಗಿನ ಫಲಿತಾಂಶದ ಪಟ್ಟಿ, ತೆರೆದು, "ಡ್ರಾಪ್‌ಔಟ್‌ಗಳನ್ನು ತೆಗೆದು ಶೇಕಡಾವಾರು ಮತ್ತೆ ಹಾಕಿ" ಎಂದರು. ಅದು ಮಹಿಳೆಯರ ಹೊಲಿಗೆ ತರಬೇತಿಯ ಬ್ಯಾಚ್. ಮುಗಿಸಿದವರನ್ನು ಮಾತ್ರ ಎಣಿಸಿದರೆ ಎಲ್ಲರೂ ಉತ್ತೀರ್ಣರು, ವರದಿಯೂ ಚೆಂದ.

ಹಾಗೆ ಬಿಟ್ಟುಹೋದವರಲ್ಲಿ ಒಬ್ಬ ತಾಯಿಯನ್ನು ನಾನು ಬಲ್ಲೆ. ಕಾಲರ್ ಕತ್ತರಿಸುವುದನ್ನು ಎಲ್ಲರಿಗಿಂತ ಮೊದಲು ಕಲಿತವರು ಆಕೆ. ಸೂಜಿ, ಇಸ್ತ್ರಿಪೆಟ್ಟಿಗೆ ಇರುವ ಕೋಣೆಗೆ ಮಗುವನ್ನು ತರುವಂತಿರಲಿಲ್ಲ. ಮಗುವನ್ನು ಹೊರಗೆ ಮಲಗಿಸಿ, ಅದು ಅತ್ತಾಗಲೆಲ್ಲ ಯಂತ್ರ ನಿಲ್ಲಿಸಿ ಎದ್ದು ಓಡುತ್ತಿದ್ದರು. ಹಾಜರಿಯಲ್ಲಿ ಅರ್ಧ ದಿನ ಎಂದು ಬೀಳತೊಡಗಿತು. ಆಮೇಲೆ ಬರುವುದನ್ನೇ ಬಿಟ್ಟರು. ಶೀಟ್‌ನಲ್ಲಿ ಆಕೆಯ ಹೆಸರಿನ ಮುಂದಿದ್ದ ಕಾರಣ: "ಆಸಕ್ತಿಯ ಕೊರತೆ." ಡ್ರಾಪ್‌ಡೌನ್‌ನಲ್ಲಿ ಇದ್ದದ್ದು ಆಸಕ್ತಿ, ಅನಾರೋಗ್ಯ, ವಲಸೆ, ಇತರೆ. ಮಗು ಎಂಬ ಆಯ್ಕೆಯೇ ಇರಲಿಲ್ಲ. ಇಂಥ ನಮೂನೆ ಮಾಡುವವರು ಒಮ್ಮೆಯಾದರೂ ಕೇಂದ್ರದ ಬಾಗಿಲಲ್ಲಿ ನಿಂತು ನೋಡಬಾರದೇ?

ಹೆಸರುಗಳನ್ನು ತೆಗೆಯುವುದಿಲ್ಲ ಎಂದೆ. ಮರುದಿನ ಸಭೆಯಲ್ಲಿ ಬಿಟ್ಟುಹೋದವರ ಪಟ್ಟಿಯ ಸ್ಲೈಡ್ ಬಂದಾಗ ಯಾರೂ ಮಾತನಾಡಲಿಲ್ಲ. ವ್ಯವಸ್ಥಾಪಕರು ನನ್ನ ಕಡೆ ನೋಡಲೂ ಇಲ್ಲ. ದಾನಿ ಸಂಸ್ಥೆಯ ಪ್ರತಿನಿಧಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಿನಿಂದ ಓದಿದರು. ನನ್ನ ಅಂಗೈ ಬೆವರುತ್ತಿತ್ತು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗು ನೋಡಿಕೊಳ್ಳಲು ಒಬ್ಬರನ್ನು ಯಾಕೆ ಇಟ್ಟಿಲ್ಲ?" ಬಜೆಟ್‌ನಲ್ಲಿ ಬ್ಯಾನರ್‌ಗೆ ಹಣವಿತ್ತು, ಪ್ರಮಾಣಪತ್ರದ ಲ್ಯಾಮಿನೇಷನ್‌ಗೂ ಇತ್ತು. ಇದಕ್ಕೆ ಇರಲಿಲ್ಲ.

ಇದೇನು ಹೊಸ ವಿಚಾರವಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡ ಮಹಿಳೆಯರಿಗಾಗಿ ಆರಂಭಿಸಿದ ಕಾರ್ಯಕ್ರಮದಲ್ಲಿ ಜಾನುವಾರಿನಂಥ ಆಸ್ತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದರಿಂದ ಆದಾಯ ಬರುವವರೆಗೆ ಭತ್ಯೆಯನ್ನೂ ಕೊಟ್ಟರು, ಸಿಬ್ಬಂದಿ ಮನೆಗೇ ಹೋಗಿ ವಿಚಾರಿಸುತ್ತಿದ್ದರು. ಅದೇ ಸಂಸ್ಥೆ ಕಸುಬು ಮತ್ತು ಬದುಕಿನ ಕೌಶಲ ಕಲಿಸಲು ಉಗಾಂಡಾದಲ್ಲಿ ನಡೆಸಿದ ಕಿಶೋರಿಯರ ಕ್ಲಬ್‌ಗಳು ಮಧ್ಯಾಹ್ನದ ಹೊತ್ತು ತೆರೆದಿರುತ್ತಿದ್ದವು, ಶಾಲೆಗೆ ಹೋಗುವ ಹುಡುಗಿಯರೂ ಬರಲಿ ಎಂದು. ಸುಮಾರು ನಾಲ್ಕು ವರ್ಷಗಳ ನಂತರ ಅಲ್ಲಿ ಹದಿಹರೆಯದ ಗರ್ಭಧಾರಣೆ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಕೌಶಲ ಕಲಿಸುವುದು ಅರ್ಧ ಕೆಲಸ. ಬಂದು ಕಲಿಯಲು ಆಕೆಗೆ ಬಿಡುವು ಸಿಗುವಂತೆ ಮಾಡುವುದು ಇನ್ನರ್ಧ.

ಮುಂದಿನ ಬ್ಯಾಚ್‌ಗೆ ಮಕ್ಕಳನ್ನು ನೋಡಿಕೊಳ್ಳುವವರು ಬಂದರು. ಆ ತಾಯಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಬೇರೆ ಕೂಲಿ ಹಿಡಿದಿದ್ದರು. ಅದು ನನಗೆ ಇಂದಿಗೂ ಸಂಕಟ. ಈಗ ದಾಖಲಾತಿಯ ದಿನವೇ ಮಗು ಯಾರ ಬಳಿ ಇರುತ್ತದೆ, ಯಾವ ಹೊತ್ತು ಅನುಕೂಲ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಸದ್ಯ ನಾನು ಹಟ ಹಿಡಿದಿರುವುದು ತರಬೇತಿ ಭತ್ಯೆಗಾಗಿ: ಅದು ಗಂಡನ ಖಾತೆಗಲ್ಲ, ಕಲಿಯುವವಳ ಖಾತೆಗೇ ಹೋಗಬೇಕು.