ಗಾಯ ಹೇಗಾಯ್ತು ಅಂತ ಹುಡುಗನನ್ನೇ ಕೇಳಿ, ಮೇಸ್ತ್ರಿಯನ್ನಲ್ಲ

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಹತ್ತಿ ಬಿಡಿಸುವುದು, ತೊಗರಿ ರಾಶಿ, ಆಮೇಲೆ ಮೆಣಸಿನಕಾಯಿ, ಹೀಗೆ ದೀಪಾವಳಿಯಿಂದ ಯುಗಾದಿವರೆಗೆ ಹೊರಗಿನ ಊರಿನ ಕೂಲಿಯವರು ನಮ್ಮ ಕ್ಯಾಜುವಾಲ್ಟಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಇನ್ನೂ ಮೀಸೆ ಚಿಗುರದ ಹುಡುಗರು, ಶಾಲೆ ಬಿಟ್ಟು ಬಂದ ಹುಡುಗಿಯರು ಎಷ್ಟೋ ಜನ. ಮಳೆ ನಂಬಿದ ಊರುಗಳಿಂದ ಟಂಟಂನಲ್ಲಿ ತುಂಬಿಕೊಂಡು ನೀರಾವರಿ ಕಡೆಗೆ ಬಂದವರು.

ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಜೊತೆಗೆ ಬಂದವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಡಿ.

ಒಂದು ಸಂಜೆ ಒಬ್ಬ ಹುಡುಗನನ್ನು ಕರೆತಂದರು. ಬಲಗೈಗೆ ಟವೆಲ್ ಸುತ್ತಿತ್ತು. "ಬೈಕಿಂದ ಬಿದ್ದಾನ್ರಿ ಸಿಸ್ಟರ್, ವಯಸ್ಸು ಹತ್ತೊಂಬತ್ತು" ಅಂದರು ಕೂಲಿಯವರನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿ. ಟವೆಲ್ ಬಿಚ್ಚಿದರೆ ಎರಡು ಬೆರಳಿನ ತುದಿ ಜಜ್ಜಿಹೋಗಿತ್ತು, ಗಾಯದ ಒಳಗೆ ಕಪ್ಪು ಗ್ರೀಸು, ಅದಕ್ಕೆ ಅಂಟಿದ ತೊಗರಿ ಹೊಟ್ಟು. ಮಣ್ಣಿಲ್ಲ, ಮೊಣಕೈ ತರಚಿಲ್ಲ. ಬೈಕಿಂದ ಬಿದ್ದವರ ಕೈ ಹಾಗಿರುವುದಿಲ್ಲ. ಮೇಸ್ತ್ರಿಯನ್ನು ಚೀಟಿ ಮಾಡಿಸಲು ಕಳಿಸಿ, ಗಾಯ ತೊಳೆಯುತ್ತಾ ಕೇಳಿದೆ. "ಯಾವ ಕ್ಲಾಸಿಗೆ ಸಾಲಿ ಬಿಟ್ಟಿ ತಮ್ಮಾ?" "ಒಂಬತ್ತಕ್ಕರಿ ಅಕ್ಕ, ಹ್ವಾದ ವರ್ಷ." ವಯಸ್ಸು ನೇರವಾಗಿ ಕೇಳಿದರೆ ಹೇಳಿಕೊಟ್ಟಿದ್ದನ್ನೇ ಹೇಳುತ್ತಾರೆ, ಶಾಲೆ ಬಗ್ಗೆ ಕೇಳಿದರೆ ನಿಜ ಹೇಳುತ್ತಾರೆ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ: ತೊಗರಿ ಒಕ್ಕುವ ರಾಶಿ ಮಷಿನ್‌ನ ಬೆಲ್ಟಿಗೆ ಅಂಗಿ ತೋಳು ಸಿಕ್ಕಿತ್ತು. ಅಪ್ಪ ಮುಂಗಡ ತಗೊಂಡಿದ್ದಾನೆ, ನಿಜ ಹೇಳಿದರೆ ಮನೆಯವರನ್ನೆಲ್ಲ ಕೆಲಸದಿಂದ ಬಿಡಿಸುತ್ತಾರೆ ಅನ್ನುವ ಹೆದರಿಕೆ.

ಸುಳ್ಳಿಗೆ ಕಾರಣ ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ 14 ತುಂಬದವರನ್ನು ಕೂಲಿಗೆ ಹಚ್ಚುವಂತಿಲ್ಲ, 14ರಿಂದ 18ರೊಳಗಿನವರನ್ನು ಪಟ್ಟಿಯಲ್ಲಿರುವ ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಹಾಗಾಗಿ ಆಸ್ಪತ್ರೆ ಬಾಗಿಲಲ್ಲಿ ಎಲ್ಲರಿಗೂ ಹತ್ತೊಂಬತ್ತು ಆಗಿಬಿಡುತ್ತದೆ.

ಸುಳ್ಳಿನಿಂದ ಚಿಕಿತ್ಸೆಯೇ ತಪ್ಪುವುದೂ ಉಂಟು. ಹತ್ತಿಗೋ ಮೆಣಸಿನಕಾಯಿಗೋ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಹುಡುಗ ತಲೆ ತಿರುಗಿ ಬಿದ್ದರೆ "ಬಿಸಿಲು ಬಡಿದೈತ್ರಿ" ಅನ್ನುತ್ತಾರೆ, ನಮ್ಮ ಬಿಸಿಲಿಗೆ ಅದನ್ನು ಯಾರಾದರೂ ನಂಬುತ್ತಾರೆ ಅಲ್ವಾ? ಆದರೆ ಕಣ್ಣಿನ ಪಾಪೆ ಚುಕ್ಕೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವತು, ತೊಡೆಯ ಸ್ನಾಯು ಅದುರುತ್ತಿದ್ದರೆ ಅದು ಕೀಟನಾಶಕದ ವಿಷ ಇರಬಹುದು. ಅದಕ್ಕೆ ಅಟ್ರೋಪಿನ್ ಬೇಕು, ಬರೀ ಗ್ಲೂಕೋಸ್ ಹಚ್ಚಿ ಮಲಗಿಸಿದರೆ ಜೀವಕ್ಕೇ ಕುತ್ತು. ಪಂಪು ಬೆನ್ನಿಗೆ ಕಟ್ಟಿದವನ ಅಂಗಿ ಹಿಂದುಗಡೆ ಒದ್ದೆ ಇದೆಯಾ ಮುಟ್ಟಿ ನೋಡಿ, ಕೈಗೆ ಗ್ಲೌಸ್ ಹಾಕಿಕೊಂಡೇ. ಬಟ್ಟೆ ತೆಗೆದು ಸಾಬೂನು ಹಚ್ಚಿ ಮೈ ತೊಳೆಯಿರಿ, ಹೊಲದಿಂದ ಬಾಟಲಿ ತರಿಸಿ. ಬಾಟಲಿ ಮೇಲೆ ಕೆಂಪು ತ್ರಿಕೋನ ಇದ್ದರೆ ತೀರಾ ಉಗ್ರ ವಿಷ, ಹಳದಿ ಅದರ ಕೆಳಗಿನದು. ವಾಂತಿ ಮಾಡಿಸಲು ಹೋಗಬೇಡಿ.

ಹತ್ತಿ ಬಿಡಿಸುವ ಹುಡುಗಿಯರ ಬೆರಳ ತುದಿ ಒಣಗಿದ ಕಾಯಿಯ ಸಿಪ್ಪೆ ಚುಚ್ಚಿ ಚುಚ್ಚಿ ಸೀಳಿರುತ್ತದೆ. ಅದನ್ನು ಅವರು ಗಾಯ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಬೇರೆ ಯಾವುದಕ್ಕೋ ಬಂದಾಗ ನೋಡಿ ಧನುರ್ವಾಯು ತಡೆಯುವ ಇಂಜೆಕ್ಷನ್ ಕೊಡಿಸುತ್ತೇವೆ.

ಇನ್ನು ಕಾಗದದ ವಿಷಯ. ಕೆಲಸದಲ್ಲಿ ಗಾಯವಾದವರಿಗೆ ಮಾಲೀಕರಿಂದ ಹಣ ಕೊಡಿಸುವ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರ್, ಕರೆಂಟ್ ಯಂತ್ರದಿಂದ ಮಾಡುವ ಕೃಷಿ ಕೆಲಸವನ್ನೂ ಸೇರಿಸಿದ್ದರು, ಆದರೆ ಕೆಲಸದಲ್ಲೇ ಆದ ಗಾಯ ಅಂತ ತೋರಿಸಬೇಕಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ "ಬೈಕಿಂದ ಬಿದ್ದು" ಅಂತ ಒಮ್ಮೆ ಬರೆದರೆ ಆ ಹುಡುಗನ ಬೆರಳಿಗೆ ಮುಂದೆ ಯಾರೂ ಹೊಣೆ ಇಲ್ಲ. ಅದಕ್ಕೇ ಅವನು ಹೇಳಿದ್ದನ್ನು ಆಗಲೇ ಡ್ಯೂಟಿ ಡಾಕ್ಟರಿಗೆ ತಿಳಿಸಿ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಕಾನೂನಿಗೆ ಬೇಕಾಗುವ ಗಾಯದ ದಾಖಲೆ) ಮಾಡಿಸುತ್ತೇನೆ, ಯಂತ್ರ ಯಾವುದು, ಯಾವ ಹೊಲ, ಎಷ್ಟು ಹೊತ್ತಿಗೆ, ಎಲ್ಲ ಬರೆಸುತ್ತೇನೆ. ವಯಸ್ಸಿನ ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ. ಮೇಸ್ತ್ರಿಗಳು ಸಿಟ್ಟಾಗುತ್ತಾರೆ. ಆಗಲಿ.

ಈ ಮಕ್ಕಳು ಸುಗ್ಗಿ ಮುಗಿದರೆ ಊರಿಗೆ ಹೋಗಿಬಿಡುತ್ತಾರೆ. ಜೊತೆಯಲ್ಲಿ ತಾಯಿಯೋ ಅಕ್ಕನೋ ಇದ್ದರೆ ಎಂಎಲ್‌ಸಿ ನಂಬರ್, ತಾರೀಖು ಬರೆದ ಚೀಟಿಯನ್ನು ಅವರ ಕೈಗೇ ಕೊಡಿ, ಮೇಸ್ತ್ರಿ ಕೈಗಲ್ಲ. ಆಮೇಲೆ ಯಾರಾದರೂ ಅವರ ಪರವಾಗಿ ದಾಖಲೆ ಹುಡುಕಿಕೊಂಡು ಬಂದರೆ ನಮ್ಮ ರಿಜಿಸ್ಟರ್‌ನಲ್ಲಿ ಅದು ಸಿಗುವುದು ಆ ನಂಬರಿನಿಂದಲೇ.