ಬಾವಿಯಲ್ಲಿ ಈಜು ಕಲಿತವನ ಸರ್ಫಿಂಗ್ ಲೆಕ್ಕ: ನಾಲ್ಕು ಸಲ, ಮೂರು ಸೆಕೆಂಡು

ನವೆಂಬರ್, ಮೊದಲ ಸಲ

ಬೈಲಹೊಂಗಲ ಕಡೆಯ ನಮ್ಮೂರ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವ ನಾನು. ಈಜು ಬಂದಮೇಲೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ, ಏನು ಮಹಾ ಅಂದುಕೊಂಡು ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಉತ್ತರ ಗೋವಾದ ಅಶ್ವೆಂ ದಂಡೆಗೆ ಹೋದೆ. ಹೊರಡುವಾಗ ಅವ್ವ, "ಹಲಗಿ ಮ್ಯಾಲ ನಿಂದ್ರಾಕ ಅಷ್ಟು ದೂರ ಹೋಗಬೇಕೇನಪಾ? ಅಟ್ಟದ ಮ್ಯಾಲ ಎರಡು ಬಿದ್ದಾವಲ್ಲ" ಅಂದಳು.

ಮೊದಲ ಒಂದು ತಾಸು ನೀರಿಗೇ ಬಿಡಲಿಲ್ಲ, ಮರಳಲ್ಲೇ ಪಾಠ. ಹೊಸಬರಿಗೆ 8–9 ಅಡಿಯ ಮೆತ್ತನೆಯ ಫೋಮ್ ಬೋರ್ಡು. ಅದು ಚೆನ್ನಾಗಿ ತೇಲುತ್ತದೆ, ಮೈಗೆ ಬಡಿದರೂ ಗಾಯ ಕಡಿಮೆ. ಬೋರ್ಡಿನ ಹಗ್ಗ, ಅಂದರೆ ಲೀಶ್, ಹಿಂದಿನ ಕಾಲಿಗೆ. ಹಿಂದಿನ ಕಾಲು ಯಾವುದು? ಬೆನ್ನಿಗೆ ಮೆಲ್ಲಗೆ ತಳ್ಳಿದಾಗ ತಾನಾಗಿ ಮುಂದೆ ಬರುವುದು ಮುಂಗಾಲು, ಉಳಿದದ್ದು ಹಿಂಗಾಲು. ಸೊಂಟಮಟ್ಟದ ನೀರಲ್ಲಿ, ಒಡೆದು ಬರುವ ನೊರೆ ಅಲೆಯ ಮೇಲೆ ಹದಿನಾಲ್ಕು ಪ್ರಯತ್ನ. ನಿಂತದ್ದು ಸೊನ್ನೆ.

ಡಿಸೆಂಬರ್, ಎರಡನೇ ಸಲ

ಬಾವಿಯ ಚಟ ಕೈಕೊಟ್ಟಿತು. ಬ್ಯಾಲೆನ್ಸ್ ತಪ್ಪಿದ ಕೂಡಲೇ ತಲೆ ಕೆಳಗಾಗಿ ಧುಮುಕಿಬಿಟ್ಟೆ. ನಮ್ಮ ಬಾವಿಯಲ್ಲಿ ಎರಡಾಳು ನೀರು, ಇಲ್ಲಿ ತೊಡೆಮಟ್ಟ. ಹಣೆ ಮರಳಿಗೆ ಉಜ್ಜಿತು. ಕುತ್ತಿಗೆ ಉಳಿದದ್ದು ಪುಣ್ಯ. ಕಲಿಸುವ ಹುಡುಗ ಅರ್ಧ ತಾಸು ದಂಡೆಯಲ್ಲಿ ಕೂರಿಸಿದ. ಬೀಳುವುದಾದರೆ ಬೋರ್ಡಿನಿಂದ ಪಕ್ಕಕ್ಕೆ, ಮೈ ಚಪ್ಪಟೆ ಮಾಡಿ ಬೀಳಬೇಕು. ಮೇಲೆ ಬರುವಾಗ ಎರಡೂ ತೋಳು ತಲೆಗೆ ಅಡ್ಡ, ಏಕೆಂದರೆ ಲೀಶ್ ಎಳೆದು ಬೋರ್ಡು ವಾಪಸ್ ಹಾರಿ ಬರುತ್ತದೆ. ನೀರಲ್ಲಿ ನಡೆಯುವಾಗ ಅಲೆಗೂ ನಮಗೂ ನಡುವೆ ಬೋರ್ಡು ಅಡ್ಡ ಇರಬಾರದು. ಇದನ್ನು ನನ್ನ ಪಕ್ಕೆಲುಬು ಕಲಿಸಿತು.

ಆಮೇಲೆ ಬೆಳಗಾವಿ ತಿಲಕವಾಡಿಯ ಮನೆಯ ಮಾಳಿಗೆಯಲ್ಲಿ ದಿನಾ ಮೂವತ್ತು ಪಾಪ್-ಅಪ್: ಬೋರಲು ಮಲಗಿ, ಎದೆ ಪಕ್ಕ ಅಂಗೈ ಒತ್ತಿ, ಮೊಣಕಾಲೂರದೆ ಒಂದೇ ಏಟಿಗೆ ಎದ್ದು ನಿಲ್ಲುವುದು. ಪಕ್ಕದ ಮನೆ ಕಾಕಾ, "ಸೂರ್ಯನಮಸ್ಕಾರ ಅರ್ಧಕ್ಕ ಯಾಕ ಬಿಡ್ತೀ ತಮ್ಮಾ?" ಅಂತ ಕೇಳಿದರು.

ಜನವರಿ, ಮೂರನೇ ಸಲ

ಹೆದರಿದ ದಿನ. ಎರಡೂ ಕಡೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಶಾಂತ, ಬಣ್ಣ ತುಸು ಗಾಢ. ಸಲೀಸು ಜಾಗ ಅಂತ ಅಲ್ಲೇ ಇಳಿದೆ. ಅದೇ ರಿಪ್ ಕರೆಂಟ್. ಅಲೆಗಳು ದಂಡೆಗೆ ತಂದು ಸುರಿದ ನೀರು ಒಳಗೆ ಮರಳಲು ಮಾಡಿಕೊಂಡ ಕಾಲುವೆ ಅದು. ಇಂಥ ಸೆಳವು ಕೆಲವೊಮ್ಮೆ ಸೆಕೆಂಡಿಗೆ 8 ಅಡಿ ವೇಗ ಮುಟ್ಟಿದ್ದೂ ಉಂಟು. ಒಲಿಂಪಿಕ್ ಈಜುಗಾರನೂ ಎದುರು ಈಜಲಾರ. ನಾನು ಎದುರೇ ಈಜಿದೆ! ಎಷ್ಟು ಕೈ ಬಡಿದರೂ ದಂಡೆಯ ಮೇಲಿನ ಕೆಂಪು ಛತ್ರಿ ಹತ್ತಿರವಾಗಲಿಲ್ಲ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಮುಳುಗಿದಲ್ಲೇ ಏಳುತ್ತೇವೆ. ಈ ಲೆಕ್ಕ ಇಲ್ಲಿ ನಡೆಯಲಿಲ್ಲ.

ಹುಡುಗ ಕೂಗಿ ಕೈ ಅಡ್ಡ ತೋರಿಸಿದ. ಬೋರ್ಡು ಬಿಡದೆ, ದಂಡೆಗೆ ಸಮಾಂತರವಾಗಿ ಕೈ ಹೊಡೆದು ಪಟ್ಟಿ ದಾಟಿದೆ. ಆಮೇಲೆ ನೊರೆ ಅಲೆಯೇ ಹೊರಗೆ ತಂದಿತು. ರಿಪ್ ಒಳಕ್ಕೆ ಒಯ್ಯುತ್ತದೆ, ತಳಕ್ಕೆ ಎಳೆಯುವುದಿಲ್ಲ. ಸುಸ್ತಾದರೆ ಬೋರ್ಡು ಹಿಡಿದು ತೇಲುತ್ತ ಒಂದು ಕೈ ಎತ್ತಬೇಕು. ಈಗ ಇಳಿಯುವ ಮೊದಲು ಹತ್ತು ನಿಮಿಷ ದಂಡೆಯಲ್ಲಿ ನಿಂತು ನೊರೆ ಎತ್ತ ಹೋಗುತ್ತದೆಂದು ನೋಡುತ್ತೇನೆ.

ಫೆಬ್ರುವರಿ, ನಾಲ್ಕನೇ ಸಲ

ಮುಂಜಾನೆ ಏಳಕ್ಕೇ ನೀರಿಗೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆ ನುಣುಪು. ಮಧ್ಯಾಹ್ನ ಗಾಳಿ ತಿರುಗಿ ಎಲ್ಲ ಕಲಸುಮೇಲೋಗರ. ಕಾಲು ನೋಡುವುದು ಬಿಟ್ಟು ದಂಡೆಯ ತೆಂಗಿನ ಮರ ನೋಡಿದೆ, ನಿಂತೆ! ಒಟ್ಟು ನಾಲ್ಕು ಸಲ, ಗೆಳೆಯ ಎಣಿಸಿದಂತೆ ಅತಿ ಹೆಚ್ಚು ಮೂರು ಸೆಕೆಂಡು.

ಮೇ ಒಳಗೆ ಒಡೆಯದ ಅಲೆ ಹಿಡಿಯಬೇಕು, ಆಗದಿದ್ದರೆ ಅಕ್ಟೋಬರಿಗೆ. ಮಳೆಗಾಲದ ಕಡಲು ನನ್ನಂಥವರಿಗಲ್ಲ, ಆಗ ಯಾಂತ್ರಿಕ ಮೀನುಗಾರಿಕೆ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ದಂಡೆಯಲ್ಲಿರುತ್ತವೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ರಾತ್ರಿ ಅವ್ವ ಕೇಳಿದಳು, "ನಿಂತೇನು?"

"ಮೂರು ಸೆಕೆಂಡು."

"ಮತ್ತ ಬಸ್ಸಿನ್ಯಾಗ?"

"ನಾಕ ತಾಸು."